ಎತ್ತು, ಅಕ್ಕಿ, ದಾರಿ: ಮೈಸೂರು ಯುದ್ಧಗಳ ಇನ್ನೊಂದು ಲೆಕ್ಕ

ಮೈಸೂರು ಯುದ್ಧಗಳು ಎಂದೊಡನೆ ನಿಮ್ಮ ಮನಸ್ಸಿಗೆ ಬರುವ ಚಿತ್ರಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಟಿಪ್ಪು ಸುಲ್ತಾನನ ಖಡ್ಗ ಬರುತ್ತದೆ, ಹುಲಿ ಬರುತ್ತದೆ, ಆಕಾಶದಲ್ಲಿ ಹಾರುವ ರಾಕೆಟ್ಟುಗಳು ಬರುತ್ತವೆ. ಒತ್ತೆಯಾಗಿ ಹೋದ ಇಬ್ಬರು ರಾಜಕುಮಾರರು, ಶ್ರೀರಂಗಪಟ್ಟಣದ ಕೋಟೆಗೋಡೆಯ ಬಿರುಕು, ಮೀರ್ ಸಾದಿಕನ ದ್ರೋಹ, ಇವೆಲ್ಲ ಶಾಲೆಯ ಪಾಠದಿಂದಲೋ ದೂರದರ್ಶನದ ಧಾರಾವಾಹಿಯಿಂದಲೋ ನಮಗೆ ಪರಿಚಿತ. ಆದರೆ 1767ರಿಂದ 1799ರವರೆಗೆ ನಡೆದ ಆ ನಾಲ್ಕು ಯುದ್ಧಗಳ ಹೊರೆಯನ್ನು ಅಕ್ಷರಶಃ ಹೆಗಲ ಮೇಲೆ ಹೊತ್ತ ಒಂದು ಜೀವ ನಮ್ಮ ಈ ಚಿತ್ರಗಳಲ್ಲಿ ಎಲ್ಲಿಯೂ ಇಲ್ಲ. ಅದು ಎತ್ತು.

ನಗಬೇಡಿ. ಕಾರ್ನ್‌ವಾಲಿಸನಂಥ ಸೇನಾಪತಿ 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಬಯಲಿನಲ್ಲಿ ಯುದ್ಧವನ್ನೂ ಗೆದ್ದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಿದ. ಅವನನ್ನು ಹಿಂದಕ್ಕೆ ಕಳುಹಿಸಿದ್ದು ಯಾವ ಖಡ್ಗವೂ ಅಲ್ಲ, ಸತ್ತ ಎತ್ತುಗಳು. ಅದೇ ಕೋಟೆ ಎಂಟು ವರ್ಷಗಳ ನಂತರ ಬಿತ್ತು. ಈ ಎಂಟು ವರ್ಷಗಳಲ್ಲಿ ಏನು ಬದಲಾಯಿತು ಎಂದು ಕೇಳಿಕೊಂಡರೆ ಇತಿಹಾಸದ ಪುಸ್ತಕದಲ್ಲಿ ನಾವು ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುವ ಪುಟಗಳನ್ನು ಓದಬೇಕಾಗುತ್ತದೆ. ಇಂದು ಇಂಥ ವಿಷಯವನ್ನು ಲಾಜಿಸ್ಟಿಕ್ಸ್ ಎಂದು ಕರೆದು ಎಂಬಿಎ ತರಗತಿಗಳಲ್ಲಿ ಕಲಿಸುತ್ತಾರೆ. ಹೈದರನ ಕಾಲದಲ್ಲಿ ಅದಕ್ಕೆ ಅಂಥ ಹೆಸರಿರಲಿಲ್ಲ, ಆದರೆ ಅದನ್ನು ಚೆನ್ನಾಗಿ ಬಲ್ಲವರಿದ್ದರು.

ಮೊದಲು ಒಂದು ಅಂದಾಜು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಕಾಗದ ಪೆನ್ನು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಇಪ್ಪತ್ತು ಸಾವಿರ ಸೈನಿಕರ ಒಂದು ಪಡೆ ಇದೆ ಎಂದುಕೊಳ್ಳಿ. ಒಬ್ಬನಿಗೆ ದಿನಕ್ಕೆ ಒಂದು ಸೇರು ಅಕ್ಕಿ, ಎಂದರೆ ಸುಮಾರು 900 ಗ್ರಾಂ. ದಿನಕ್ಕೆ 18,000 ಕಿಲೋ ಅಕ್ಕಿ ಬೇಕು. ಹೇರೆತ್ತು ಒಂದರ ಬೆನ್ನ ಮೇಲೆ 80 ಕಿಲೋ ಹೊರಿಸಬಹುದು ಎಂದು ಇಟ್ಟುಕೊಂಡರೆ ದಿನಕ್ಕೆ 225 ಎತ್ತುಗಳ ಹೊರೆ ಖರ್ಚಾಗುತ್ತದೆ. ಒಂದು ತಿಂಗಳಿಗೆ 6,750 ಎತ್ತುಗಳು. ಆದರೆ ಹದಿನೆಂಟನೆಯ ಶತಮಾನದ ಸೇನೆ ಸೈನಿಕರಿಂದ ಮಾತ್ರ ಆದದ್ದಲ್ಲ. ಎತ್ತು ಹೊಡೆಯುವವರು, ಹುಲ್ಲು ಕೊಯ್ಯುವವರು, ಡೋಲಿ ಹೊರುವವರು, ಅಡುಗೆಯವರು, ಬಜಾರಿನ ವ್ಯಾಪಾರಿಗಳು, ಇವರೆಲ್ಲರ ಹೆಂಡಿರು ಮಕ್ಕಳು ಜೊತೆಯಲ್ಲೇ ನಡೆಯುತ್ತಿದ್ದರು. ಸೈನಿಕನೊಬ್ಬನಿಗೆ ಇಂಥವರು ಮೂವರು ಎಂದು ಹಿಡಿದರೂ ಎಂಬತ್ತು ಸಾವಿರ ಹೊಟ್ಟೆಗಳಾದವು, ತಿಂಗಳಿಗೆ 27 ಸಾವಿರ ಎತ್ತುಗಳಾದವು. ಇದರಲ್ಲಿ ಮದ್ದು ಗುಂಡು ಇಲ್ಲ, ಡೇರೆ ಇಲ್ಲ, ಕೋಟೆ ಒಡೆಯುವ ಭಾರಿ ತೋಪುಗಳಿಲ್ಲ. ಅಕ್ಕಿ ಮಾತ್ರ.

ಈಗ ಮುಖ್ಯವಾದ ಪ್ರಶ್ನೆ. ಆ ಎತ್ತುಗಳು ಏನು ತಿನ್ನಬೇಕು? ಅವುಗಳ ಮೇವನ್ನೂ ಎತ್ತುಗಳ ಮೇಲೆಯೇ ಹೇರಿದರೆ ಲೆಕ್ಕ ಎಂದಿಗೂ ಮುಗಿಯುವುದಿಲ್ಲ. ಆದ್ದರಿಂದ ಅವು ದಾರಿಯಲ್ಲಿ ಸಿಕ್ಕ ಹುಲ್ಲನ್ನೇ ಮೇಯಬೇಕು. ದಾರಿಯ ಹುಲ್ಲನ್ನು ಸುಟ್ಟವನು ಎತ್ತನ್ನು ಕೊಲ್ಲುತ್ತಾನೆ, ಎತ್ತು ಸತ್ತರೆ ಅಕ್ಕಿ ನಡುದಾರಿಯಲ್ಲಿ ಉಳಿಯುತ್ತದೆ, ಅಕ್ಕಿ ಬರದಿದ್ದರೆ ಎಂಥ ವೀರನೂ ಮೂರು ದಿನಕ್ಕಿಂತ ಹೆಚ್ಚು ವೀರನಾಗಿರಲಾರ. ಮೈಸೂರು ಯುದ್ಧಗಳ ತಂತ್ರದಲ್ಲಿ ಬಹುಪಾಲು ಈ ಒಂದು ಸರಪಳಿಯಲ್ಲೇ ಅಡಗಿದೆ.

ಹೈದರ್ ಅಲಿ ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಅವನಿಗೆ ಓದು ಬರಹ ಬರುತ್ತಿರಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಕುದುರೆಗೂ ಎತ್ತಿಗೂ ಇರುವ ಬೆಲೆ ಅವನಿಗೆ ಗೊತ್ತಿತ್ತು. ಮೊದಲನೆಯ ಯುದ್ಧದಲ್ಲಿ ಅವನು ಇಂಗ್ಲಿಷರ ಕಾಲಾಳುಗಳನ್ನು ನೇರವಾಗಿ ಎದುರಿಸುವುದಕ್ಕಿಂತ ಅವರ ಹಿಂದೆ ಬರುವ ಧಾನ್ಯದ ಸಾಲುಗಳನ್ನು ಹೊಡೆಯುವುದನ್ನೇ ಹೆಚ್ಚು ಇಷ್ಟಪಟ್ಟ. 1769ರ ಮಾರ್ಚ್ ಕೊನೆಯಲ್ಲಿ ತನ್ನ ಭಾರವಾದ ಸಾಮಗ್ರಿಯನ್ನೆಲ್ಲ ಬೇರೆ ದಾರಿಯಲ್ಲಿ ಕಳುಹಿಸಿ, ಆಯ್ದ ಆರು ಸಾವಿರ ಕುದುರೆ ಸವಾರರೊಂದಿಗೆ ಮೂರೂವರೆ ದಿನಗಳಲ್ಲಿ 130 ಮೈಲಿ ಸಾಗಿ ಮದರಾಸಿನ ಬಳಿ ಬಂದು ನಿಂತ. ಇಂಗ್ಲಿಷ್ ಸೇನೆ ಇನ್ನೂ ಹಿಂದೆಲ್ಲೋ ಎತ್ತುಗಳ ಬಾಲ ಹಿಡಿದು ಬರುತ್ತಿತ್ತು. ಏಪ್ರಿಲಿನಲ್ಲಿ ಮದರಾಸು ಸರ್ಕಾರ ಸಂಧಿಗೆ ಸಹಿ ಹಾಕಿತು.

1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾದದ್ದನ್ನು ಎಲ್ಲರೂ ಹೇಳುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಅದರ ಚಿತ್ರವನ್ನೂ ನೀವು ನೋಡಿದ್ದೀರಿ. ಅಲ್ಲಿ ಚಿತ್ರಿಸದಿರುವ ಇನ್ನೊಂದು ಸಂಗತಿಯನ್ನು ಕೇಳಿ. ಬೈಲಿಯನ್ನು ಕೂಡಿಕೊಳ್ಳಬೇಕಾಗಿದ್ದ ಹೆಕ್ಟರ್ ಮನ್ರೋನ ಮುಖ್ಯ ಸೇನೆ ಕಾಂಚೀಪುರದಲ್ಲಿ ಇತ್ತು. ಕೆಲವೇ ಮೈಲಿ ದೂರ. ಆದರೆ ಅವನ ಬಳಿ ಕೆಲವೇ ದಿನಗಳ ಅಕ್ಕಿ ಉಳಿದಿತ್ತು. ಅಕ್ಕಿಯನ್ನು ಬಿಟ್ಟು ಹೋದರೆ ಹೈದರನ ಪಾಲಾಗುತ್ತದೆ, ಹೊತ್ತುಕೊಂಡು ಹೋಗಲು ಎತ್ತುಗಳಿಲ್ಲ. ಈ ಗೊಂದಲದಲ್ಲೇ ಸಮಯ ಕಳೆಯಿತು. ಬೈಲಿಯ ಸೋಲಿನ ಸುದ್ದಿ ಬಂದ ಮೇಲೆ ಮನ್ರೋ ಭಾರಿ ತೋಪುಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಚೆಂಗಲ್ಪಟ್ಟಿಗೆ ಓಡಿದ. ಅಲ್ಲಿ ನೋಡಿದರೆ ಅಲ್ಲಿಯೂ ಅಕ್ಕಿ ಇರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಮುದುಕ ಸೇನಾಪತಿ ಐರ್ ಕೂಟ್ ಬಂದ. ಹೈದರ್ ಮದರಾಸಿನ ಸುತ್ತಲಿನ ನಾಡನ್ನು ಬರಿದು ಮಾಡಿದ್ದರಿಂದ ಕೂಟ್ ಸಮುದ್ರವನ್ನೇ ತನ್ನ ಉಗ್ರಾಣವನ್ನಾಗಿ ಮಾಡಿಕೊಂಡ. ಹಡಗುಗಳು ಅಕ್ಕಿ ತಂದರೆ ನಡೆಯುತ್ತಿದ್ದ, ತರದಿದ್ದರೆ ನಿಲ್ಲುತ್ತಿದ್ದ. 1781ರ ಫೆಬ್ರವರಿಯಲ್ಲಿ ಕಡಲೂರಿನ ಬಳಿ ಒಂದು ವಿಚಿತ್ರ ಸ್ಥಿತಿ ಒದಗಿತು. ಒಂದು ಕಡೆ ಹೈದರನ ಸೇನೆ, ಇನ್ನೊಂದು ಕಡೆ ಸಮುದ್ರದಲ್ಲಿ ಫ್ರೆಂಚ್ ನೌಕಾಪಡೆ, ನಡುವೆ ಹಸಿದ ಕೂಟ್. ಫ್ರೆಂಚ್ ನೌಕಾಧಿಪತಿ ದೋರ್ವ್ ಇನ್ನಷ್ಟು ದಿನ ಅಲ್ಲಿ ನಿಂತಿದ್ದರೆ ಕೂಟ್ ಏನು ತಿನ್ನುತ್ತಿದ್ದನೋ ಹೇಳಲಾಗದು. ಹೈದರ್ ಎಷ್ಟು ಬೇಡಿಕೊಂಡರೂ ಕೇಳದೆ ಆ ಮಹಾಶಯ ಹಾಯಿ ಬಿಚ್ಚಿ ಮಾರಿಷಸ್ ಕಡೆಗೆ ಹೊರಟುಹೋದ. ನನ್ನ ಮಟ್ಟಿಗೆ ದಕ್ಷಿಣ ಭಾರತದ ಇತಿಹಾಸದಲ್ಲಿ ಇದು ಪೊಳ್ಳಿಲೂರಿಗಿಂತಲೂ ದೊಡ್ಡ ಗಳಿಗೆ. ಆದರೆ ಹೊರಟುಹೋದ ಹಡಗುಗಳ ಚಿತ್ರವನ್ನು ಯಾರು ತಾನೇ ಗೋಡೆಯ ಮೇಲೆ ಬರೆಯಿಸುತ್ತಾರೆ?

ಹೈದರನ ಈ ವೇಗದ ಹಿಂದೆ ಒಂದು ಇಲಾಖೆ ಇತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದಕ್ಕಾಗಿ ಸಾಕಿದ ದನಗಳು, ಅವುಗಳಿಗಾಗಿ ಮೀಸಲಾದ ಹುಲ್ಲುಗಾವಲುಗಳು. ಪಾಳೆಯಗಾರರನ್ನು ಸೋಲಿಸುತ್ತ ಹೋದಂತೆ ಹೈದರ್ ಅವರ ಒಳ್ಳೆಯ ತಳಿಯ ದನಗಳನ್ನೂ ತಂದು ಇದಕ್ಕೆ ಸೇರಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಮೂಲಗಳಿಂದ ಆ ತಳಿ ರೂಪುಗೊಂಡಿತು ಎನ್ನುತ್ತಾರೆ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂಬ ಹೆಸರು ಕೊಟ್ಟ. ಹೆಸರು ಬದಲಾಯಿಸಿ ಸುಮ್ಮನಾಗಲಿಲ್ಲ. ದನಗಳನ್ನು ಹೇಗೆ ಸಾಕಬೇಕು, ಹೇಗೆ ಲೆಕ್ಕ ಇಡಬೇಕು ಎಂದು ವಿವರವಾದ ಹುಕುಂನಾಮೆಯನ್ನೇ ಹೊರಡಿಸಿದ. ಹುಲ್ಲುಗಾವಲುಗಳಿಗೆ ಕಾವಲು ಎಂದು ಹೆಸರು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ದನಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಹಾಸನ, ತುಮಕೂರು, ಚಿತ್ರದುರ್ಗ, ಚಿಕ್ಕಮಗಳೂರು ಕಡೆಯ ಓದುಗರು ತಮ್ಮ ಊರಿನ ಪಹಣಿಗಳಲ್ಲಿ ಅಮೃತ ಮಹಲ್ ಕಾವಲು ಎಂಬ ಮಾತನ್ನು ಇಂದಿಗೂ ನೋಡಿರುತ್ತೀರಿ.

ಗಮನಿಸಿ, ಇದು ಯುದ್ಧ ಬಂದಾಗ ಹಳ್ಳಿಗಳಿಂದ ಕಸಿದುಕೊಂಡು ಬಂದ ದನಗಳ ಗುಂಪಲ್ಲ. ಶಾಂತಿಯ ಕಾಲದಲ್ಲೇ ಬೆಳೆಸಿ, ಪಳಗಿಸಿ, ಸಿದ್ಧವಾಗಿಟ್ಟ ಬಲ. ಅಮೃತ್ ಮಹಲ್ ಎತ್ತು ಗಾತ್ರದಲ್ಲಿ ದೊಡ್ಡದಲ್ಲ, ಆದರೆ ಬಿರುಸಾಗಿ ನಡೆಯುತ್ತದೆ, ಸುಲಭವಾಗಿ ದಣಿಯುವುದಿಲ್ಲ. 1781ರ ಜೂನಿನಲ್ಲಿ ಕೂಟ್ ಚಿದಂಬರದ ಮೇಲೆ ಬಿದ್ದಾಗ ಹೈದರ್ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಬಂದದ್ದು ಈ ಎತ್ತುಗಳ ಬಲದಿಂದ. ಸೋತ ಯುದ್ಧಗಳಲ್ಲಿಯೂ ಮೈಸೂರಿನವರು ತಮ್ಮ ತೋಪುಗಳನ್ನು ವೈರಿಯ ಕಣ್ಣೆದುರಿನಲ್ಲೇ ಎಳೆದುಕೊಂಡು ಹೋಗುತ್ತಿದ್ದರು. ಇಂಗ್ಲಿಷ್ ತೋಪುಗಳನ್ನು ಎಳೆಯುತ್ತಿದ್ದವು ಗುತ್ತಿಗೆದಾರರು ಒದಗಿಸಿದ ಬಡಕಲು ಎತ್ತುಗಳು. ಈ ಅಂತರ ಅಂದಿನ ಇಂಗ್ಲಿಷ್ ಅಧಿಕಾರಿಗಳ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ.

ಈಗ 1791ಕ್ಕೆ ಬರೋಣ. ಈ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೇನೆಯ ನಾಯಕತ್ವ ವಹಿಸಿ, ಟಿಪ್ಪು ಕಾಯುತ್ತಿದ್ದ ಕಣಿವೆಗಳನ್ನು ಬಿಟ್ಟು ಮುಗಳಿ ಘಾಟಿಯ ಮೂಲಕ ಮೇಲೇರಿ, ಕೋಲಾರ ಹೊಸಕೋಟೆ ದಾಟಿ ಮಾರ್ಚ್ ಮೊದಲ ವಾರ ಬೆಂಗಳೂರಿಗೆ ಬಂದ. 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ಕೋಟೆಯನ್ನು ರಕ್ಷಿಸುತ್ತ ಕಿಲ್ಲೇದಾರ ಬಹಾದೂರ್ ಖಾನ್ ಪ್ರಾಣ ಕೊಟ್ಟ. ಆದರೆ ಆ ಎರಡು ವಾರಗಳಲ್ಲೇ ಇಂಗ್ಲಿಷರ ಜಾನುವಾರುಗಳಿಗೆ ಮೇವು ಮುಗಿದಿತ್ತು. ಪೇಟೆಯ ಮನೆಗಳ ಮಾಡಿನ ಹುಲ್ಲನ್ನು ಕಿತ್ತು ಎತ್ತುಗಳಿಗೆ ಹಾಕಿದರು. ಬೆಂಗಳೂರಿನ ಇಂದಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ಓಡಾಡುವಾಗ ಇದನ್ನು ನೆನಪಿಸಿಕೊಳ್ಳಿ.

ಮೇ ಮೊದಲ ವಾರ ಅವನು ಶ್ರೀರಂಗಪಟ್ಟಣಕ್ಕೆ ಹೊರಟ. ನಿಜಾಮನ ಹತ್ತು ಸಾವಿರ ಕುದುರೆ ಸವಾರರು ಜೊತೆಗಿದ್ದರು. ಅವರು ಕಾದಿದ್ದಕ್ಕಿಂತ ತಿಂದದ್ದೇ ಹೆಚ್ಚು ಎಂದು ಇಂಗ್ಲಿಷರೇ ದೂರಿದ್ದಾರೆ. ಟಿಪ್ಪು ನೇರ ದಾರಿಯನ್ನು ಸುಟ್ಟಿದ್ದರಿಂದ ಕಾರ್ನ್‌ವಾಲಿಸ್ ಕನಕಪುರದ ಕಾಡುದಾರಿ ಹಿಡಿದ. ಅಲ್ಲಿಯೂ ಟಿಪ್ಪುವಿನ ಸವಾರರು ಮುಂದೆ ಮುಂದೆ ಹೋಗಿ ಹಳ್ಳಿಗಳನ್ನು ಖಾಲಿ ಮಾಡಿಸಿ ಹುಲ್ಲಿಗೂ ಧಾನ್ಯಕ್ಕೂ ಬೆಂಕಿ ಹಚ್ಚಿದರು. ಮಳೆ ಬೇರೆ ಬೇಗ ಬಂತು. ಎತ್ತುಗಳು ನೂರಾರು ಸಂಖ್ಯೆಯಲ್ಲಿ ಕೆಸರಿನಲ್ಲಿ ಬಿದ್ದು ಸತ್ತವು. ಸೈನಿಕರು ತೋಪುಗಳನ್ನು ಕೈಯಿಂದ ಎಳೆದರು. ಮೇ 13ರಂದು ಅರಕೆರೆ ತಲುಪಿ, 15ರಂದು ಕರಿಘಟ್ಟದ ಬಳಿ ಟಿಪ್ಪುವಿನ ಸೇನೆಯನ್ನು ಹಿಂದಕ್ಕೆ ತಳ್ಳಿದರು. ಗೆಲುವೇನೋ ಗೆಲುವೇ. ಆದರೆ ಕೋಟೆ ಒಡೆಯುವ ಭಾರಿ ತೋಪುಗಳನ್ನು ಎಳೆದು ಸರಿಯಾದ ಜಾಗಕ್ಕೆ ತರಲು ಎತ್ತುಗಳಿಲ್ಲ. ಪಾಳೆಯದಲ್ಲಿ ಅಕ್ಕಿಯ ಬೆಲೆ ಮುಗಿಲಿಗೇರಿತು. ಹಿಂಬಾಲಕರು ಸತ್ತ ಎತ್ತುಗಳ ಮಾಂಸ ತಿಂದು ಬದುಕಿದರು.

ಇನ್ನೊಂದು ಹೊಡೆತವನ್ನೂ ಹೇಳಬೇಕು. ಇಂಗ್ಲಿಷರ ಮಿತ್ರರಾಗಿದ್ದ ಮರಾಠರು ಪರಶುರಾಮ ಭಾವು ಮತ್ತು ಹರಿಪಂತರ ನಾಯಕತ್ವದಲ್ಲಿ ಆ ಹೊತ್ತಿಗೆ ಹತ್ತಿರಕ್ಕೇ ಬಂದಿದ್ದರು. ಧಾರವಾಡದ ಕೋಟೆಯನ್ನು ಬದ್ರುಜ್ಜಮಾನ್ ಖಾನ್ ಸುಮಾರು ಆರು ತಿಂಗಳು ಹಿಡಿದು ನಿಂತದ್ದರಿಂದ ಅವರಿಗೆ ತಡವಾಗಿತ್ತು. ಅವರ ಜೊತೆ ಬೇಕಾದಷ್ಟು ಧಾನ್ಯವಿತ್ತು. ಆದರೆ ಟಿಪ್ಪುವಿನ ಹಗುರ ಸವಾರರು ಎರಡು ಪಾಳೆಯಗಳ ನಡುವೆ ಒಬ್ಬನೇ ಒಬ್ಬ ಹರಿಕಾರನನ್ನೂ ದಾಟಗೊಡಲಿಲ್ಲ. ಅಕ್ಕಿ ಕೆಲವು ದಿನಗಳ ದೂರದಲ್ಲಿದ್ದರೂ ಅದು ಅಲ್ಲಿದೆ ಎಂಬ ಸುದ್ದಿ ಕಾರ್ನ್‌ವಾಲಿಸನಿಗೆ ಮುಟ್ಟಲಿಲ್ಲ. 2021ರ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಒಂದು ಕಡೆ ಉಕ್ಕಿನ ಕಾರ್ಖಾನೆಗಳಲ್ಲಿ ಆಮ್ಲಜನಕವಿದ್ದು, ಅದನ್ನು ಆಸ್ಪತ್ರೆಗೆ ಒಯ್ಯುವ ಟ್ಯಾಂಕರುಗಳು ಸಾಲದೆ ಹೋದದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ನ್‌ವಾಲಿಸ್ ಕನ್ನಂಬಾಡಿಯ ಬಳಿ ತನ್ನ ಭಾರಿ ತೋಪುಗಳನ್ನು ಒಡೆಸಿದ, ಗುಂಡುಗಳನ್ನು ಹೂಳಿಸಿದ. ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯ ಮಲಬಾರ್ ಪಡೆಗೆ ಹಿಂದಿರುಗುವಂತೆ ಹೇಳಿಕಳುಹಿಸಿದ. ಮೇ 26ರಂದು ಹಿಂದಕ್ಕೆ ಹೊರಟ. ಅಂದೇ ಮೇಲುಕೋಟೆಯ ಹತ್ತಿರ ಚಿನಕುರಳಿಯ ಬಳಿ ಎದುರಿಗೆ ಬಂದ ಸವಾರರನ್ನು ಶತ್ರುಗಳೆಂದು ತಿಳಿದು ಗುಂಡು ಹಾರಿಸಲು ಸಿದ್ಧರಾದರೆ, ಅವರು ಮರಾಠರು! ಅವರ ಬಜಾರಿನಲ್ಲಿ ಧಾನ್ಯದಿಂದ ಹಿಡಿದು ಬಟ್ಟೆ ಬರೆಯವರೆಗೆ ಎಲ್ಲವೂ ಮಾರಾಟಕ್ಕಿತ್ತು. ಮಿತ್ರರೆಂದು ಬೆಲೆ ಇಳಿಸಲಿಲ್ಲ. ಹಸಿದವರ ಬೆಲೆಯನ್ನೇ ತೆಗೆದುಕೊಂಡರು.

ಇಲ್ಲಿ ಒಂದು ಕಹಿಯಾದ ಮಾತನ್ನೂ ಹೇಳದೆ ಹೋಗುವುದು ಸರಿಯಲ್ಲ. ಹುಲ್ಲು ಸುಡುವ ತಂತ್ರ ಗೆದ್ದಿತು ಎಂದು ನಾವು ಬರೆಯುತ್ತೇವೆ. ಸುಟ್ಟದ್ದು ಯಾರ ಹುಲ್ಲು? ಮೈಸೂರಿನ ರೈತನದ್ದೇ. ಖಾಲಿಯಾದ ಹಳ್ಳಿ, ಸುಟ್ಟ ಕಣಜ, ಓಡಿಹೋದ ಸಂಸಾರ, ಇವೆಲ್ಲ ಆ ಗೆಲುವಿನ ಲೆಕ್ಕದಲ್ಲೇ ಸೇರುತ್ತವೆ. ಹೈದರ್ 1780ರಲ್ಲಿ ಸುಟ್ಟದ್ದು ಅರ್ಕಾಟಿನ ನವಾಬನ ನಾಡನ್ನು, ಟಿಪ್ಪು 1791ರಲ್ಲಿ ಸುಡಬೇಕಾಗಿ ಬಂದದ್ದು ತನ್ನ ಸ್ವಂತ ನಾಡನ್ನು. ಯುದ್ಧ ಯಾರ ನೆಲದಲ್ಲಿ ನಡೆಯುತ್ತದೆ ಎಂಬುದೇ ಆಗಿನ ಅರ್ಧ ತೀರ್ಪು.

ಸೋತು ಹಿಂದಿರುಗಿದ ಕಾರ್ನ್‌ವಾಲಿಸ್ ಮಾಡಿದ್ದೇನು? ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ವಿದ್ಯಾರ್ಥಿಗಳು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಅವನು ಹೊಸ ತೋಪುಗಳಿಗಿಂತ ಮೊದಲು ದಾರಿಯನ್ನು ನೋಡಿದ. ಬೆಂಗಳೂರಿನಿಂದ ಕೆಳಗಿನ ನಾಡಿಗೆ ಹೋಗುವ ದಾರಿಯಲ್ಲಿ, ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಯಾವ ಯಾವ ಬೆಟ್ಟದ ಕೋಟೆಗಳಿಂದ ತನ್ನ ಧಾನ್ಯದ ಸಾಲಿಗೆ ತೊಂದರೆಯಾಗಬಹುದೋ ಅವನ್ನೆಲ್ಲ ಒಂದೊಂದಾಗಿ ತೆಗೆದುಕೊಂಡ. ಜುಲೈಯಲ್ಲಿ ಹೊಸೂರು, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ. ಇಂದು ನಾವು ಭಾನುವಾರ ಹತ್ತಿ ಫೋಟೋ ತೆಗೆಸಿಕೊಳ್ಳುವ ಬೆಟ್ಟಗಳು ಇವು.

ಎರಡನೆಯದಾಗಿ ಅವನು ಲಂಬಾಣಿಗಳನ್ನು ಒಲಿಸಿಕೊಂಡ. ಇಂಗ್ಲಿಷರು ಬ್ರಿಂಜಾರಿ ಎಂದು ಬರೆದದ್ದು ಇವರನ್ನೇ. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಹೆಂಡಿರು ಮಕ್ಕಳೊಂದಿಗೆ ದಕ್ಷಿಣಾಪಥವನ್ನೆಲ್ಲ ಸುತ್ತುತ್ತಿದ್ದ ಈ ಜನ ಮೊಗಲರ ಕಾಲದಿಂದಲೂ ಸೇನೆಗಳಿಗೆ ಅನ್ನ ಒದಗಿಸುತ್ತ ಬಂದವರು. ಅವರು ಯಾವ ರಾಜನ ಪ್ರಜೆಗಳೂ ಅಲ್ಲ, ಒಳ್ಳೆಯ ಬೆಲೆಯನ್ನೂ ರಕ್ಷಣೆಯನ್ನೂ ಕೊಟ್ಟವನಿಗೆ ಮಾರುವ ವ್ಯಾಪಾರಿಗಳು. ಬಾರಾಮಹಲ್ ಅಂಚಿನ ಆಂಬೂರಿನಲ್ಲಿದ್ದ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿ ಅವರ ನಾಯಕರೊಂದಿಗೆ ಮಾತುಕತೆ ನಡೆಸಿ ಅವರ ಎತ್ತುಗಳ ಸಾಲನ್ನು ಇಂಗ್ಲಿಷರ ಪಾಳೆಯದತ್ತ ತಿರುಗಿಸಿದ. ಇವನಿಗೆ ಪರ್ಷಿಯನ್ ಬರುತ್ತಿತ್ತು, ಗೂಢಚಾರರ ಜಾಲವನ್ನೂ ಇವನೇ ನಡೆಸುತ್ತಿದ್ದ. ತೋಪು ಹಾರಿಸದೆ ಯುದ್ಧದ ಗತಿಯನ್ನು ಬದಲಾಯಿಸಿದ ಇಂಥವನ ಹೆಸರು ನಮ್ಮ ಪಠ್ಯಗಳಲ್ಲಿ ಕಾಣುವುದಿಲ್ಲ. ಲಂಬಾಣಿಗಳ ಹೆಸರಂತೂ ಇಲ್ಲವೇ ಇಲ್ಲ. ಮುಂದೆ ರೈಲು ಬಂದ ಮೇಲೆ ಅವರ ಎತ್ತಿನ ಸಾಲುಗಳು ನಿಂತವು, ತಾಂಡಾಗಳು ಉಳಿದವು.

1792ರ ಫೆಬ್ರವರಿ 5ರಂದು ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಎದುರು ನಿಂತಾಗ ಅವನ ಬೆನ್ನ ಹಿಂದೆ ತುಂಬಿದ ಬಜಾರು ಇತ್ತು. ಮರುದಿನ ರಾತ್ರಿಯೇ ದಾಳಿ ನಡೆಯಿತು. ಮಾರ್ಚ್ 18ರ ಸಂಧಿಯ ಪ್ರಕಾರ ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟದ್ದು ನಮ್ಮ ಕಣ್ಣಲ್ಲಿ ನೀರು ತರುತ್ತದೆ, ಸಹಜ. ಆದರೆ ಸಂಧಿಯ ಪಟ್ಟಿಯಲ್ಲಿ ಬಾರಾಮಹಲ್ ಎಂಬ ಹೆಸರನ್ನು ಗುರುತಿಸಿಕೊಳ್ಳಿ. ಇಂದಿನ ಕೃಷ್ಣಗಿರಿ, ಧರ್ಮಪುರಿ ಪ್ರದೇಶ. ಮದರಾಸಿನ ಕಡೆಯಿಂದ ಮೈಸೂರಿಗೆ ಏರುವ ಕಣಿವೆಗಳು ಅಲ್ಲಿವೆ. ಮಲಬಾರ್, ಕೊಡಗು ಕೈಬಿಟ್ಟದ್ದರಿಂದ ಪಶ್ಚಿಮದ ಘಾಟಿಯೂ ತೆರೆಯಿತು. ಮಕ್ಕಳು 1794ರಲ್ಲಿ ಹಿಂದಿರುಗಿ ಬಂದರು. ಕಣಿವೆಗಳು ಬರಲಿಲ್ಲ. ಬಾರಾಮಹಲಿಗೆ ಕಲೆಕ್ಟರಾಗಿ ಬಂದವನು ಯಾರು ಬಲ್ಲಿರಾ? ಅದೇ ಅಲೆಗ್ಸಾಂಡರ್ ರೀಡ್.

ನಾಲ್ಕನೆಯ ಯುದ್ಧದ ಪೀಠಿಕೆಯೂ ಎತ್ತಿನದೇ. 1798ರ ಮಧ್ಯದಲ್ಲಿ ಹೊಸ ಗವರ್ನರ್ ಜನರಲ್ ಮಾರ್ನಿಂಗ್ಟನ್ ಕೂಡಲೇ ಟಿಪ್ಪುವಿನ ಮೇಲೆ ಬೀಳಬೇಕೆಂದು ಹೊರಟ. ಮಾರಿಷಸ್‌ನಿಂದ ಫ್ರೆಂಚ್ ಸ್ವಯಂಸೇವಕರು ಮಂಗಳೂರಿಗೆ ಬಂದದ್ದು ಅವನಿಗೆ ನೆವವಾಯಿತು. ಬಂದವರು ಸುಮಾರು ನೂರು ಮಂದಿ, ಅಷ್ಟೆ. ಆದರೆ ಮದರಾಸು ಸರ್ಕಾರದ ಕಾರ್ಯದರ್ಶಿ ಜೋಸಾಯ ವೆಬ್ ಮತ್ತು ಇತರರು ಸೇನೆ ಹೊರಡುವ ಸ್ಥಿತಿಯಲ್ಲಿಲ್ಲ, ಎತ್ತುಗಳಿಲ್ಲ, ಹಣವಿಲ್ಲ ಎಂದು ಎಚ್ಚರಿಸಿದರು. ಸಿದ್ಧತೆಗೇ ತಿಂಗಳುಗಳು ಹಿಡಿದವು. ಆ ಅವಧಿಯಲ್ಲಿ ಟಿಪ್ಪು ಈಜಿಪ್ಟಿಗೆ ಬಂದಿಳಿದ ನೆಪೋಲಿಯನ್ನನ ಕಡೆ ನೋಡುತ್ತಿದ್ದ. 1798ರ ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ಫ್ರೆಂಚರ ಹಡಗುಗಳು ಸುಟ್ಟುಹೋದ ಮೇಲೆ ನೆಪೋಲಿಯನ್ ತಾನೇ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ. ಹಡಗಿಲ್ಲದ ಮಿತ್ರನನ್ನು ನೆಚ್ಚಿಕೊಂಡದ್ದು ಟಿಪ್ಪುವಿನ ಲೆಕ್ಕದ ದೊಡ್ಡ ದೋಷ ಎಂದೇ ನಾನು ಹೇಳುತ್ತೇನೆ. ಕಡಲೂರಿನಲ್ಲಿ ದೋರ್ವ್ ಹೊರಟುಹೋದಾಗ ತಂದೆ ಕಂಡದ್ದನ್ನು ಮಗ ಇನ್ನೊಮ್ಮೆ ಕಾಣಬೇಕಾಯಿತು.

1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸ್ ವೆಲ್ಲೂರಿನಿಂದ ಹೊರಟ. ಅವನ ಸೇನೆಯೂ ಆಮೆಯಂತೆ ನಡೆಯಿತು, ಎತ್ತುಗಳು ದಾರಿಯುದ್ದಕ್ಕೂ ಬಿದ್ದವು, ಮದ್ದುಗುಂಡು ಕೂಡ ನಾಶವಾಯಿತು. ಆದರೆ ಈ ಬಾರಿ ಕಣಿವೆಗಾಗಿ ಕಾದಾಡಬೇಕಾಗಿರಲಿಲ್ಲ. 1792ರ ಸಂಧಿಯಿಂದ ಹಣವನ್ನೂ ನಾಡನ್ನೂ ಕಳೆದುಕೊಂಡ ಟಿಪ್ಪುವಿನ ಕುದುರೆಪಡೆ ಮೊದಲಿನಂತಿರಲಿಲ್ಲ. ಮೈಲಿಗಟ್ಟಲೆ ಉದ್ದದ ಆ ಸಾಲನ್ನು ಮೈಸೂರಿನ ಸವಾರರು ಬಲವಾಗಿ ಕಾಡದೆ ಬಿಟ್ಟದ್ದು ಇಂಗ್ಲಿಷ್ ಲೇಖಕರಿಗೇ ಅಚ್ಚರಿ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧವಾಯಿತು. ಟಿಪ್ಪು ರೂಢಿಯ ದಾರಿಯ ಹುಲ್ಲನ್ನು ಸುಡಿಸಿದ್ದ. ಹ್ಯಾರಿಸ್ ಆ ದಾರಿಯನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿ ದಾಟಿದ. ಅಲ್ಲಿ ಹುಲ್ಲೂ ಇತ್ತು, ದನವೂ ಇತ್ತು. ಒಂದು ನದಿಯ ಆಚೆ ದಡದ ಹುಲ್ಲು ಉಳಿದದ್ದರಿಂದ ಒಂದು ರಾಜ್ಯ ಹೋಯಿತು ಎಂದರೆ ಅತಿಶಯೋಕ್ತಿಯಾದೀತು, ಆದರೆ ತೀರ ಸುಳ್ಳಾಗದು.

ಏಪ್ರಿಲ್ 5ರಂದು ಹ್ಯಾರಿಸ್ ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬೀಡುಬಿಟ್ಟ. 16ರಂದು ಅಕ್ಕಿಯ ಮೂಟೆಗಳನ್ನು ಅಳೆದು ನೋಡಿದಾಗ ಪುಸ್ತಕದ ಲೆಕ್ಕಕ್ಕೂ ಮೂಟೆಗೂ ತಾಳೆಯಾಗಲಿಲ್ಲ. ದಾರಿಯಲ್ಲಿ ಕಳವಾಗಿತ್ತು, ಸೋರಿತ್ತು, ಮಾರಲ್ಪಟ್ಟಿತ್ತು. ಕಾದಾಡುವ ಸೈನಿಕರಿಗೆ ಅರ್ಧ ಪಡಿ ಕೊಟ್ಟರೂ ಹದಿನೆಂಟು ದಿನಗಳಿಗೆ ಮಾತ್ರ ಸಾಲುವಷ್ಟು ಉಳಿದಿತ್ತು. ಏಪ್ರಿಲ್ 16ರಿಂದ ಹದಿನೆಂಟು ದಿನ ಎಣಿಸಿ ನೋಡಿ. ಮೇ 4 ಬರುತ್ತದೆ. ಕೋಟೆಯ ಮೇಲೆ ಅಂತಿಮ ದಾಳಿ ನಡೆದದ್ದು 1799ರ ಮೇ 4ರ ಮಧ್ಯಾಹ್ನ. ರೀಡ್ ಕೂಡಿಹಾಕಿದ್ದ ಧಾನ್ಯದ ಸಾಲು ಪಾಳೆಯ ಸೇರಿದ್ದು ಕೋಟೆ ಬಿದ್ದ ಮೇಲೆ. ತನ್ನ ಡೇರೆಯ ಕಾವಲುಗಾರ ಹಸಿವಿನಿಂದ ಒಂದು ತಳ್ಳಿಗೆ ಬೀಳುವಂತಿದ್ದಾನೆ, ಆದ್ದರಿಂದ ದಾಳಿ ಗೆಲ್ಲಲೇಬೇಕು ಎಂಬ ಅರ್ಥದ ಮಾತನ್ನು ಹ್ಯಾರಿಸ್ ಅಂದು ಆಡಿದನೆಂದು ಅವನ ಜೀವನಚರಿತ್ರೆಯಲ್ಲಿದೆ.

ಆದ್ದರಿಂದ ಟಿಪ್ಪು ಕೋಟೆಯೊಳಗೆ ಕುಳಿತು ಕಾದದ್ದು ಹೇಡಿತನವೂ ಅಲ್ಲ, ಮೂಢತನವೂ ಅಲ್ಲ. ಅವನು 1791ನ್ನು ನೆನಪಿಟ್ಟುಕೊಂಡಿದ್ದ. ಇನ್ನು ಕೆಲವು ವಾರ ಕಳೆದರೆ ಮುಂಗಾರು ಬಂದು ಕಾವೇರಿ ತುಂಬುತ್ತದೆ, ಹಸಿದ ಸೇನೆ ಮತ್ತೆ ತೋಪು ಒಡೆದು ಹಿಂದಿರುಗುತ್ತದೆ. ಈ ಲೆಕ್ಕ ತಪ್ಪಾಗಿರಲಿಲ್ಲ, ಕೆಲವೇ ದಿನಗಳ ಅಂತರದಲ್ಲಿ ಸೋತಿತು. ಇಂಗ್ಲಿಷರು ಮೇ 4ರಂದು ಕಾವೇರಿಯನ್ನು ನಡೆದೇ ದಾಟಿ ಗೋಡೆಯ ಬಿರುಕನ್ನು ಏರಿದರು. ಸುಲ್ತಾನ ಅಂದೇ ಹೋರಾಡುತ್ತ ಮಡಿದ.

ಮೀರ್ ಸಾದಿಕನ ಮಾತು? ಅವನ ದ್ರೋಹದ ಕಥೆ ನಮ್ಮ ಜನಮನದಲ್ಲಿ ಗಟ್ಟಿಯಾಗಿ ಬೇರೂರಿದೆ, ಅದನ್ನು ಇಲ್ಲಿ ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಒಬ್ಬ ದ್ರೋಹಿಯ ಹೆಸರು ಸಿಕ್ಕಿದೊಡನೆ ನಾವು ಲೆಕ್ಕ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಬಾರಾಮಹಲ್ ಹೋದದ್ದು ಹೇಗೆ, ಕುದುರೆಪಡೆ ಕರಗಿದ್ದು ಯಾವಾಗ, ಮದರಾಸು ಸಿದ್ಧತೆ ಮಾಡಿಕೊಳ್ಳುತ್ತಿದ್ದ ಆ ತಿಂಗಳುಗಳು ನಮ್ಮ ಕಡೆ ಹೇಗೆ ಕಳೆದವು ಎಂಬ ಪ್ರಶ್ನೆಗಳಿಗೆ ಮೀರ್ ಸಾದಿಕ್ ಉತ್ತರವಲ್ಲ. ನಮ್ಮ ಹುಡುಗರು ಇತಿಹಾಸ ವಿಭಾಗಗಳಿಗೆ ಹೋಗಿ ಪರ್ಷಿಯನ್ ಕಲಿತು ಆ ಕಾಲದ ಹುಕುಂನಾಮೆಗಳನ್ನು ಓದಿದರೆ ಇನ್ನಷ್ಟು ಗೊತ್ತಾದೀತು.

ಎತ್ತುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ್ ಮಹಲ್ ಇಂಗ್ಲಿಷರ ಕೈ ಸೇರಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದ್ದೂ 1803ರಲ್ಲಿ ಮರಾಠರ ಮೇಲೆ ಹೋದದ್ದೂ ಈ ಮೈಸೂರಿನ ಎತ್ತುಗಳನ್ನು ಕಟ್ಟಿಕೊಂಡು. ಅಕ್ಕಿ ಮತ್ತು ಎತ್ತಿನ ವಿಷಯ ಅವನ ಆ ಕಾಲದ ಪತ್ರಗಳಲ್ಲಿ ತುಂಬಿಕೊಂಡಿದೆ. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೇನಾಪತಿಗಳೊಂದಿಗೆ ಕಾದುವಾಗಲೂ ಅವನು ಇವನ್ನು ನೆನೆದನಂತೆ. ಹೈದರ್, ಟಿಪ್ಪು ಕಟ್ಟಿದ ಇಲಾಖೆಯಲ್ಲಿ ವೆಲಿಂಗ್ಟನ್ ಪಾಠ ಕಲಿತ ಎಂದು ಹೇಳಿದರೆ ಇಂಗ್ಲೆಂಡಿನವರು ಮುನಿಸಿಕೊಳ್ಳಬಾರದು. ಮೈಸೂರಿನ ಆಡಳಿತಕ್ಕೆ ವಹಿಸಿಕೊಟ್ಟಾಗ ಸೊರಗಿದ ಹಿಂಡುಗಳನ್ನು 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬಾತ ಮತ್ತೆ ಸುಧಾರಿಸಿದ. 1860ರಲ್ಲಿ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟರು. ಒಳ್ಳೆಯ ಎತ್ತು ಸಿಗದೆ ಆರೇ ವರ್ಷಗಳಲ್ಲಿ, 1866ರಲ್ಲಿ, ಮತ್ತೆ ತೆರೆದರು.

ಇಂದು ಆ ತಳಿಯನ್ನು ನೋಡಬೇಕೆನಿಸಿದರೆ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರಕ್ಕೆ ಹೋಗಿ. ನೀಳವಾದ ಚೂಪು ಕೊಂಬು, ಬೂದು ಬಣ್ಣ, ಅಪರಿಚಿತರನ್ನು ಕಂಡರೆ ಸಿಡಿಯುವ ಸ್ವಭಾವ. ಕಾವಲುಗಳು ಮಾತ್ರ ವರ್ಷ ವರ್ಷಕ್ಕೂ ಕರಗುತ್ತಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಸುಮಾರು 10 ಸಾವಿರ ಎಕರೆ ಅಮೃತ ಮಹಲ್ ಕಾವಲನ್ನು ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಮುಂತಾದವುಗಳಿಗೆ ಕೊಡಲಾಯಿತು. ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರಲ್ಲಿ ಅಲ್ಲಿ ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರ ಉದ್ಘಾಟನೆಯಾಯಿತು. ಸೇನೆಗಾಗಿ ಎತ್ತು ಬೆಳೆಸಿದ ಹುಲ್ಲುಗಾವಲಿನ ಮೇಲೆ ಈಗ ಸೇನೆಗಾಗಿಯೇ ಡ್ರೋನುಗಳು ಹಾರುತ್ತಿವೆ, ಬೇಲಿಯ ಹೊರಗೆ ಕುರಿಗಾಹಿಗಳು ಹುಲ್ಲು ಹುಡುಕುತ್ತಿದ್ದಾರೆ.